ಎರಡು ಅಂಟಿನ ಚೀಟಿ

ಇಪ್ಪತ್ತೆರಡು ವರ್ಷದಿಂದ ಗಾಯ ಕಟ್ಟುತ್ತಿರುವ ನರ್ಸು ನಾನು. ಕಾಲು ನೋಡಿದರೆ ಸಾಕು, ಆ ಮನುಷ್ಯ ಮಾತ್ರೆ ನುಂಗುತ್ತಾನೋ ಕಿಟಕಿಯಿಂದಾಚೆ ಎಸೆಯುತ್ತಾನೋ ಹೇಳಬಲ್ಲೆ. ಮನುಷ್ಯರ ವಿಷಯದಲ್ಲಿ ನನ್ನ ಅಂದಾಜು ತಪ್ಪುವುದಿಲ್ಲ ಎಂಬ ಜಂಬವೂ ನನಗಿತ್ತು. ಅದು ಇಳಿದದ್ದು ಒಂದು ಸೋಮವಾರ ಬೆಳಿಗ್ಗೆ, ಬೆರಳುದ್ದದ ಒಂದು ಕಾಗದದ ಚೀಟಿಯಿಂದ.

ನಮ್ಮ ಆಸ್ಪತ್ರೆಯಲ್ಲಿ ಎಕ್ಸ್‌-ರೇ ವಿಭಾಗ ದಾಟಿದ ಮೇಲೆ ಸಂಶೋಧನೆಯ ಕೋಣೆ ಇದೆ. ಒಂದು ಮಂಚ, ಗಾಯದ ಫೋಟೋ ತೆಗೆಯುವ ಕ್ಯಾಮೆರಾ, ಬೀಗದ ಕಪಾಟು, ಗೋಡೆಗೆ ಎರಡು ಕುರ್ಚಿ, ಅಷ್ಟೇ. ಹೋದ ವರ್ಷ ಅಲ್ಲಿ ಗಾಯಕ್ಕೆ ಹಾಕುವ ಒಂದು ಹೊಸ ಪಟ್ಟಿಯ ಪರೀಕ್ಷೆ ನಡೆಯಿತು. ಅದನ್ನು ಕಂಡುಹಿಡಿದವರು ಪಕ್ಕದ ಕಾಲೇಜಿನ ಪ್ರೊಫೆಸರು. ನಾವು ಅವರಿಗೆ ಇಟ್ಟ ಹೆಸರು ಅಂಟು ಮೇಷ್ಟ್ರು, ಯಾಕೆಂದರೆ ಅವರ ಅಂಗಿಯ ತೋಳಿಗೆ ಸದಾ ಏನಾದರೊಂದು ಅಂಟಿಕೊಂಡಿರುತ್ತದೆ. ಮೀನಿನ ಕಾರ್ಖಾನೆಯವರು ನದಿ ದಂಡೆಗೆ ಸುರಿದು ಊರಿಗೆಲ್ಲ ನಾತ ಹಬ್ಬಿಸುತ್ತಿದ್ದ ಸಿಗಡಿ ಚಿಪ್ಪನ್ನು ತಂದು, ತೊಳೆದು, ಪುಡಿ ಮಾಡಿ, ಕರಗಿಸಿ, ಎಳೆ ತೆಗೆದು ನೇಯ್ದ ಪಟ್ಟಿ ಅದು. ಗಾಯವನ್ನು ಒಣಗಿಸದೆ ಕಾಯುತ್ತದೆ, ಕೀವಾಗಲು ಬಿಡುವುದಿಲ್ಲ, ಮಣ್ಣಿಗೆ ಹಾಕಿದರೆ ಎರಡು ವಾರದಲ್ಲಿ ಮಣ್ಣೇ ಆಗುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ನಮ್ಮ ಹಳೆಯ ಪಟ್ಟಿ ಹಾಗಲ್ಲ. ಅದರಲ್ಲಿ ಪ್ಲಾಸ್ಟಿಕ್ ದಾರವಿದೆ, ನಾವು ಸತ್ತರೂ ಅದು ಸಾಯುವುದಿಲ್ಲ.

ಬಾಯಲ್ಲಿ ಹೇಳಿದರೆ ಸಾಲದಲ್ಲ, ರುಜುವಾತು ಮಾಡಬೇಕು. ಅದಕ್ಕೇ ಪರೀಕ್ಷೆ. ಅರ್ಧ ಜನಕ್ಕೆ ಹೊಸ ಪಟ್ಟಿ, ಅರ್ಧ ಜನಕ್ಕೆ ಹಳೆಯದು. ಬರಿಗಣ್ಣಿಗೆ ಎರಡೂ ಒಂದೇ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರಬಾರದು, ಕಟ್ಟುವ ನನಗೂ ಗೊತ್ತಿರಬಾರದು. ಪ್ರತಿ ಪೊಟ್ಟಣದ ಮೇಲೆ ನಂಬರಿನ ಚೀಟಿ ಇರುತ್ತದೆ. ಆ ನಂಬರಿನ ಗುಟ್ಟು ಮೂರನೇ ಮಹಡಿಯಲ್ಲಿ ಕೂರುವ ಅಂಕಿಅಂಶದ ಮೇಡಂ ಒಬ್ಬರಿಗೇ ಗೊತ್ತು.

ಈ ಪರೀಕ್ಷೆಗೆ ಗಡಿಯಾರ ರಿಪೇರಿಯ ಯಜಮಾನರೂ ಅವರ ಹೆಂಡತಿ ಟೈಲರಮ್ಮನೂ ಜೊತೆಯಾಗಿ ಬಂದರು. ಇಬ್ಬರಿಗೂ ಸಕ್ಕರೆ ಕಾಯಿಲೆ. ಆಕೆಗೆ ಹಿಮ್ಮಡಿಯಲ್ಲಿ ವರ್ಷದಿಂದ ಮಾಯದ ಹುಣ್ಣು. ಅವರಿಗೆ ಬಲಗಾಲಿನ ಹೆಬ್ಬೆರಳ ಅಡಿಯಲ್ಲಿ ಗಾಯ. ಆ ಹೆಬ್ಬೆರಳಿಗೆ ಸರ್ಜನ್ ಗಡುವು ಕೊಟ್ಟಿದ್ದರು: ಎಂಟು ವಾರದೊಳಗೆ ಮುಚ್ಚದಿದ್ದರೆ ಬೆರಳು ತೆಗೆಯಬೇಕು.

"ತೆಗೀರಿ ಡಾಕ್ಟ್ರೇ. ಕೈಬೆರಳಲ್ಲವಲ್ಲ, ಗಡಿಯಾರಕ್ಕೇನೂ ತೊಂದರೆ ಇಲ್ಲ," ಎಂದು ಯಜಮಾನರು ನಕ್ಕರು. ನಗುವಾಗ ಅವರ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು.

ಹಾವು ಮುಂಗುಸಿಗಳನ್ನಾದರೂ ಒಂದು ಕೋಣೆಯಲ್ಲಿ ಕೂರಿಸಬಹುದು, ಇವರಿಬ್ಬರನ್ನು ಕೂರಿಸುವುದು ಕಷ್ಟ.

"ಸಿಸ್ಟರ್, ಇವರು ಸಕ್ಕರೆ ಹಾಕಿದ ಟೀ ಕುಡಿದಿದ್ದಾರೆ, ಬರೆದುಕೊಳ್ಳಿ."

"ಮೊದಲು ನೀನು ತಿಂದ ಬಿಸ್ಕತ್ತು ಬರೆಸು."

"ಒಂದು ಬಿಸ್ಕತ್ತು ರೀ. ನೀವು ಕುಡಿದಿದ್ದು ಲೋಟದ ತುಂಬ."

ಮೊದಲ ವಾರವೇ ನಾನು ಎರಡು ಕುರ್ಚಿಗಳನ್ನು ದೂರ ಸರಿಸಿ ನಡುವೆ ತೂಕದ ಯಂತ್ರ ಇಟ್ಟೆ. ಒಬ್ಬರ ಗಾಯವನ್ನು ಇನ್ನೊಬ್ಬರು ಮುಟ್ಟಲೂ ಬಿಡುತ್ತಿರಲಿಲ್ಲ, ತಮ್ಮ ಪಟ್ಟಿ ತಾವೇ ಕಟ್ಟಿಕೊಳ್ಳುತ್ತಿದ್ದರು. ಇಂಥವರು ಪೊಟ್ಟಣ ಹಂಚಿಕೊಳ್ಳುವುದುಂಟೇ ಎಂದು ಧೈರ್ಯದಿಂದ ಇಬ್ಬರನ್ನೂ ಪರೀಕ್ಷೆಯಲ್ಲಿ ಇಟ್ಟುಕೊಂಡೆ. ನನ್ನ ಅಂದಾಜು ತಪ್ಪಿದ್ದು ಅಲ್ಲೇ.

ಪ್ರತಿ ಸೋಮವಾರ ನಾನು ಅಳತೆ ತೆಗೆದು, ಫೋಟೋ ಹಿಡಿದು, ಪಟ್ಟಿ ಕಟ್ಟಿ, ಇಬ್ಬರಿಗೂ ಮೂರು ಮೂರು ಪೊಟ್ಟಣ ಕೊಡುತ್ತಿದ್ದೆ. ಬುಧವಾರ, ಶುಕ್ರವಾರ, ಭಾನುವಾರ ಮನೆಯಲ್ಲಿ ಬದಲಿಸಬೇಕು. ಗಾಯದ ಅಳತೆಗೆ ಕತ್ತರಿಸಿ, ಖಾಲಿ ಪೊಟ್ಟಣ ಮುಂದಿನ ಸೋಮವಾರ ವಾಪಸ್ಸು ತರಬೇಕು. ಐದನೇ ವಾರಕ್ಕೆ ಯಜಮಾನರ ಗಾಯ ಗೋಲಿಯಷ್ಟಿದ್ದದ್ದು ಬಟಾಣಿಯಷ್ಟಾಗಿತ್ತು. ಟೈಲರಮ್ಮನ ಹಿಮ್ಮಡಿಯಲ್ಲೂ ಕೆಂಪು ಚಿಗುರು ಕಂಡಿತ್ತು. ಒಳಗೊಳಗೇ ಖುಷಿಪಟ್ಟೆ, ಮುಖದಲ್ಲಿ ತೋರಿಸಲಿಲ್ಲ.

ಆರನೇ ಸೋಮವಾರ ಖಾಲಿ ಪೊಟ್ಟಣದ ನಂಬರು ಬರೆದುಕೊಳ್ಳುತ್ತಿದ್ದಾಗ ಒಂದು ಚೀಟಿ ಕಳಚಿ ನನ್ನ ಅಂಗೈಗೆ ಬಿತ್ತು. ಕಾರ್ಖಾನೆಯಲ್ಲಿ ಅಂಟಿಸಿದ ಚೀಟಿ ಉಗುರು ಹಾಕಿದರೂ ಬರುವಂಥದ್ದಲ್ಲ. ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಗಾಜಿನಂತೆ ಗಟ್ಟಿಯಾದ ಒಂದು ಅಂಟು, ಅದರ ಮೇಲೆ ಬಿಳಿಯ ಮೆತ್ತನೆಯ ಇನ್ನೊಂದು. ಉಳಿದ ಐದನ್ನೂ ಎಳೆದು ನೋಡಿದೆ. ಎಲ್ಲವೂ ಹಾಗೇ.

ಟೈಲರಮ್ಮ ರಕ್ತಪರೀಕ್ಷೆಗೆ ಹೋಗಿದ್ದರು. ಯಜಮಾನರನ್ನು ಕರೆದೆ.

"ಯಜಮಾನರೇ, ಈ ಚೀಟಿ ಯಾರು ಕಿತ್ತಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರ ಕೈ ಜೇಬಿನಲ್ಲಿದ್ದ ಸಣ್ಣ ಚಿಮಟದ ಮೇಲೆ ಹೋಯಿತು.

"ಪೊಟ್ಟಣ ಒಡೆದಿಲ್ಲ ಸಿಸ್ಟರ್. ಮೂರನೇ ವಾರದಿಂದ ಚೀಟಿ ಮಾತ್ರ ಅದಲು ಬದಲು ಮಾಡ್ತಿದ್ದೀನಿ. ಸೋಮವಾರ ಸಂಜೆ ಅವಳು ಮಿಷನ್ ಮುಂದೆ ಕೂತಿರ್ತಾಳೆ, ಆಗ ಕಿತ್ತು, ಗಡಿಯಾರದ ಗಾಜು ಕೂರಿಸೋ ಅಂಟಲ್ಲಿ ಅಂಟಿಸ್ತೀನಿ."

"ಯಾಕೆ?"

"ನನಗೆ ಬಂದಿರೋದು ಹೊಸ ಪಟ್ಟಿ. ಕತ್ತರಿಸಿ ಬಿಸಾಕಿದ ಚೂರು ಎರಡನ್ನೂ ಕಣ್ಣಿಗೆ ಗಾಜು ಹಾಕಿಕೊಂಡು ನೋಡಿದೆ. ನನ್ನದರ ಎಳೆ ಸಣ್ಣ, ಅವಳದ್ದು ದಪ್ಪ. ಅಷ್ಟು ಸಣ್ಣ ಎಳೆ ತೆಗೆಯೋದು ಹೊಸ ಕೆಲಸಾನೇ ಇರಬೇಕು. ನಾವು ಇಬ್ಬರು, ಅರ್ಧಕ್ಕೆ ಹೊಸದು, ಅರ್ಧಕ್ಕೆ ಹಳೇದು ಅಂತ ನೀವೇ ಹೇಳಿದ್ರಿ. ನಂದು ಹೊಸದಾದ್ರೆ ಅವಳದ್ದು ಹಳೇದು ತಾನೇ."

"ನಿಮ್ಮ ಬೆರಳಿನ ಗತಿ?"

"ಅವಳು ಮಿಷನ್ ತುಳಿಯೋದು ಆ ಹಿಮ್ಮಡಿ ಊರಿ. ನನ್ನ ಕಾಲ್ಬೆರಳಿಂದ ಯಾವ ಗಡಿಯಾರವೂ ನಡೆಯಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ಅವಳಿಗೆ ಹೇಳಬೇಡಿ. ಮನೇಲಿ ಬಾಳೋಕೆ ಬಿಡಲ್ಲ," ಎಂದು ಸೇರಿಸಿದರು.

ಅವರನ್ನು ಹೊರಗೆ ಕಳಿಸಿದೆ. ಗಾಜಿನಂಥ ಅಂಟಿನ ಮೂಲ ಸಿಕ್ಕಿತು. ಬಿಳಿ ಅಂಟು ಯಾರದೆಂದು ಊಹಿಸಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಟೈಲರಮ್ಮ ತೋಳಿಗೆ ಹತ್ತಿ ಒತ್ತಿಕೊಂಡು ಒಳಗೆ ಬಂದು, ಮೇಜಿನ ಮೇಲಿದ್ದ ಚೀಟಿಗಳನ್ನು ನೋಡಿ, ಕೇಳುವ ಮೊದಲೇ ಬಾಗಿಲು ಮುಂದೆ ಮಾಡಿದರು.

"ಬೈಬೇಡಿ ಸಿಸ್ಟರ್. ನನಗೆ ಬಂದಿರೋದು ಹೊಸ ಪಟ್ಟಿ. ಮಣ್ಣಲ್ಲಿ ಕರಗುತ್ತೆ ಅಂತ ಹೇಳಿದ್ರಲ್ಲ, ಉಳಿದ ಚೂರನ್ನ ಹೂಕುಂಡದಲ್ಲಿ ಹೂತಿಟ್ಟೆ. ಹತ್ತು ದಿನ ಬಿಟ್ಟು ಕೆದಕಿದ್ರೆ ದಾರದ ಗುರುತೂ ಇಲ್ಲ."

"ಯಜಮಾನರ ಚೂರನ್ನೂ ಹೂತು ನೋಡಿದ್ರಾ?"

"ಅದ್ಯಾಕೆ? ಇಬ್ಬರಲ್ಲಿ ಒಬ್ಬರಿಗೆ ಹೊಸದು. ನಂದು ಕರಗಿತು ಅಂದ್ಮೇಲೆ ಅವರದ್ದು ಹಳೇದೇ. ಮಂಗಳವಾರ ಬೆಳಿಗ್ಗೆ ಅವರು ವಾಕಿಂಗ್ ಹೋದಾಗ ಚೀಟಿಗೆ ಇಸ್ತ್ರಿಯ ಹಬೆ ತೋರಿಸಿ ಬಿಡಿಸ್ತೀನಿ. ಲೇಸು ಅಂಟಿಸೋ ಅಂಟಲ್ಲಿ ತಿರುಗಾ ಅಂಟಿಸ್ತೀನಿ."

"ನಿಮಗೂ ಗಾಯ ಇದೆಯಲ್ಲಮ್ಮ."

"ನಂದು ಹಳೇ ಗಾಯ, ನನಗೆ ಒಗ್ಗಿಹೋಗಿದೆ. ಅವರ ಬೆರಳಿಗೆ ತಾರೀಖು ಇಟ್ಟಿದ್ದಾರೆ. ನಿಮ್ಮ ಮುಂದೆ ನಗ್ತಾರೆ. ಮನೇಲಿ ತಿಂಗಳಾದ್ರೂ ಕ್ಯಾಲೆಂಡರ್ ಹಾಳೆ ಮಗುಚೋಕೆ ಬಿಟ್ಟಿಲ್ಲ." ಹತ್ತಿಯನ್ನು ಬುಟ್ಟಿಗೆ ಹಾಕಿ, "ಅವರಿಗೆ ಗೊತ್ತಾಗಬಾರದು," ಎಂದರು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯನ್ನು ನಾನು ಜಗಳಗಂಟರಿಗೆ ಬಳಸುತ್ತಿದ್ದೆ. ಸೋಮವಾರ ಸಂಜೆ ಅವರು ಬದಲಿಸಿದ್ದನ್ನು ಮಂಗಳವಾರ ಬೆಳಿಗ್ಗೆ ಈಕೆ ಬದಲಿಸಿ, ಬುಧವಾರದ ಹೊತ್ತಿಗೆ ಎಲ್ಲವೂ ಮೊದಲಿದ್ದಲ್ಲಿಗೇ ಬಂದಿರುತ್ತಿತ್ತು. ಹಾಗಾದರೆ ಕೆಟ್ಟದ್ದೇನೂ ಆಗಿಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಟೈಲರಮ್ಮ, "ನಾಲ್ಕನೇ ವಾರ ಮಾತ್ರ ಆಗಲಿಲ್ಲ. ಜ್ವರ ಬಂದು ಮಲಗಿಬಿಟ್ಟಿದ್ದೆ," ಎಂದು ಬೇಜಾರು ಮಾಡಿಕೊಂಡರು. ಅಂದರೆ ಒಂದು ವಾರ ಪಟ್ಟಿ ನಿಜವಾಗಿಯೂ ಅದಲು ಬದಲಾಗಿತ್ತು.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂತೆ. ನಗುವೂ ಬಂತು, ಕೋಪವೂ ಬಂತು, ಕಣ್ಣಲ್ಲಿ ನೀರೂ ಬಂತು. ನಿಯಮ ಸ್ಪಷ್ಟವಾಗಿತ್ತು: ಪಟ್ಟಿ ಬದಲಾದವರು ಪರೀಕ್ಷೆಯಿಂದ ಹೊರಗೆ, ಉಳಿದ ಪೊಟ್ಟಣ ವಾಪಸ್ಸು. ಇನ್ನು ಎರಡೇ ವಾರ, ಬಟಾಣಿಯಷ್ಟು ಗಾಯ. ಈಗ ಪಟ್ಟಿ ಕಿತ್ತುಕೊಂಡರೆ ಆ ಬೆರಳು ಹೋದಂತೆಯೇ. ಕಸದ ಬುಟ್ಟಿ ಮೂರಡಿ ದೂರದಲ್ಲಿತ್ತು. ಚೀಟಿಗಳನ್ನು ಅದಕ್ಕೆ ಹಾಕಿ ಸುಮ್ಮನಿದ್ದರೆ ಕೇಳುವವರಿರಲಿಲ್ಲ.

ಹಾಕಲಿಲ್ಲ. ನನ್ನದೇನೂ ಹರಿಶ್ಚಂದ್ರನ ವಂಶವಲ್ಲ. ಆದರೆ ನಾಳೆ ಈ ಪಟ್ಟಿಯನ್ನು ಸಾವಿರ ಕಾಲುಗಳಿಗೆ ಕಟ್ಟುವವರು ನನ್ನಂಥ ನರ್ಸುಗಳೇ. ನಾನು ಬರೆದದ್ದನ್ನು ನಂಬಿ ಕಟ್ಟುತ್ತಾರೆ. ನಡೆದದ್ದನ್ನೆಲ್ಲ ದಾಖಲೆ ಪುಸ್ತಕದಲ್ಲಿ ಬರೆದು, ಚೀಟಿಗಳನ್ನು ಲಕೋಟೆಗೆ ಹಾಕಿಕೊಂಡು ಮೂರನೇ ಮಹಡಿ ಹತ್ತಿದೆ. ಪ್ರತಿ ಮೆಟ್ಟಿಲಿಗೂ ಯಜಮಾನರ ನಗು ನೆನಪಾಗಿ ಕಾಲು ಭಾರವಾಯಿತು.

ಅಂಕಿಅಂಶದ ಮೇಡಂ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಪೂರ್ತಿ ಕೇಳಿಸಿಕೊಂಡರು. ರೋಗಿಗಳ ಮುಖವನ್ನೇ ನೋಡದ ಹೆಂಗಸು ಅವರು. ಅವರ ಪಾಲಿಗೆ ಎಲ್ಲರೂ ನಂಬರು.

"ಇಬ್ಬರದ್ದೂ ಒಂದೇ ವಿಳಾಸನಾ?" ಎಂದು ಕೇಳಿದರು.

"ಹೌದು ಮೇಡಂ. ಗಂಡ ಹೆಂಡತಿ."

"ಹಾಗಾದ್ರೆ ಮುಂದುವರಿಸಿ. ಒಂದೇ ಮನೆಯವರಿಗೆ ಒಂದೇ ಥರದ ಪಟ್ಟಿ ಬರೋ ಹಾಗೆ ನಂಬರು ಹಾಕಿದ್ದೀನಿ. ಅವರು ದಿನಕ್ಕೆ ಹತ್ತು ಸಲ ಚೀಟಿ ಬದಲಿಸಿದ್ರೂ ಪಟ್ಟಿ ಬದಲಾಗಲ್ಲ. ಯಾವ ಥರದ್ದು ಅಂತ ಮಾತ್ರ ಕೇಳಬೇಡಿ. ನಡೆದಿದ್ದನ್ನ ದೊಡ್ಡ ಡಾಕ್ಟರಿಗೆ ನಾನೂ ತಿಳಿಸ್ತೀನಿ."

ನಾನು ಕುರ್ಚಿ ಎಳೆದು ಕೂತೆ. "ಇದನ್ನ ಮೊದಲೇ ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ಒಬ್ಬರ ಗಾಯ ನೋಡಿ ಇನ್ನೊಬ್ಬರದ್ದು ಊಹಿಸ್ತಿದ್ರಿ."

"ಅಲ್ಲ ಮೇಡಂ, ಇಬ್ಬರೂ ಅಕ್ಕಪಕ್ಕ ಕೂರಲ್ಲ. ಮಾತಾಡಿದ್ರೆ ಜಗಳ. ಇವರು ಹಂಚಿಕೊಳ್ತಾರೆ ಅಂತ ನಿಮಗೆ ಹೇಗೆ ಅನ್ನಿಸ್ತು?"

ಮೇಡಂ ಮೊದಲ ಬಾರಿಗೆ ನನ್ನ ಕಡೆ ತಿರುಗಿದರು. "ಫಾರಂನಲ್ಲಿ ಸಂಬಂಧ ಅಂತ ಒಂದು ಜಾಗ ಇದೆಯಲ್ಲ, ಅದನ್ನ ನೀವೇ ತುಂಬಿಸಿದ್ದು," ಎಂದರು.

ಇಳಿಯುವಾಗ ಮೆಟ್ಟಿಲು ಕಾಲಿಗೆ ತಗುಲಲೇ ಇಲ್ಲ. ಆದರೆ ಪರೀಕ್ಷೆ ಮುಗಿಯುವ ತನಕ ಈ ಗುಟ್ಟು ಹೊಟ್ಟೆಯಲ್ಲೇ ಇರಬೇಕಿತ್ತು. ಇಬ್ಬರನ್ನೂ ಬೇರೆ ಬೇರೆ ಕರೆದು ಚೆನ್ನಾಗಿ ಬೈದು, ಇನ್ನು ಚೀಟಿ ಮುಟ್ಟುವುದಿಲ್ಲ ಎಂದು ಮಾತು ತೆಗೆದುಕೊಂಡೆ. ಇಬ್ಬರೂ ತಲೆ ತಗ್ಗಿಸಿ ಮಾತು ಕೊಟ್ಟರು. ಮುಂದಿನ ಸೋಮವಾರ ಚೀಟಿ ಎಳೆದು ನೋಡಿದರೆ ಮತ್ತೆ ಅದೇ ಎರಡು ಅಂಟು. ಅದನ್ನೂ ಬರೆದುಕೊಂಡೆ.

ಎಂಟನೇ ವಾರ ಸರ್ಜನ್ ಬಂದು ಹೆಬ್ಬೆರಳನ್ನು ಹಿಂದೆ ಮುಂದೆ ತಿರುಗಿಸಿ, ಒತ್ತಿ, ದೀಪ ಹಿಡಿದು ನೋಡಿದರು. ಗಾಯವಿದ್ದ ಜಾಗದಲ್ಲಿ ಎಳೆಯ ಗುಲಾಬಿ ಚರ್ಮ. "ಇದನ್ನ ಯಾಕೆ ತೆಗೀಬೇಕು? ಚೆನ್ನಾಗೇ ಇದೆಯಲ್ಲ," ಎಂದು ತಾವೇ ಕೊಟ್ಟ ಗಡುವನ್ನು ಮರೆತವರಂತೆ ಹೊರಟುಹೋದರು. ಯಜಮಾನರು ಜೇಬಿನಿಂದ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. ಮೂರು ವಾರ ಕಳೆದ ಮೇಲೆ ಹಿಮ್ಮಡಿಯೂ ಮುಚ್ಚಿತು.

ಎಲ್ಲರ ಪರೀಕ್ಷೆ ಮುಗಿದು ನಂಬರುಗಳ ಗುಟ್ಟು ಬಿಚ್ಚುವ ಹೊತ್ತಿಗೆ ನಾಲ್ಕು ತಿಂಗಳಾಯಿತು. ಹಳೆಯ ಪಟ್ಟಿಯಲ್ಲಿ ನೂರಕ್ಕೆ ನಲವತ್ತು ಜನರ ಗಾಯ ಮುಚ್ಚಿದ್ದರೆ ಹೊಸದರಲ್ಲಿ ಅರವತ್ತೈದು ಜನರದ್ದು ಮುಚ್ಚಿತ್ತು. ಅಂಟು ಮೇಷ್ಟ್ರು ಆ ದಿನ ಇಡೀ ಆಸ್ಪತ್ರೆಗೆ ಟೀ ಕೊಡಿಸಿದರು. ಗಂಡ ಹೆಂಡತಿಯನ್ನು ನಾನೇ ಕರೆಸಿ, ತೂಕದ ಯಂತ್ರದ ಆಚೆ ಈಚೆ ಕೂರಿಸಿ ವಿಷಯ ಹೇಳಿದೆ. "ನಿಮ್ಮಿಬ್ಬರಿಗೂ ಬಂದಿದ್ದು ಹೊಸ ಪಟ್ಟಿಯೇ."

"ಸಾಧ್ಯವೇ ಇಲ್ಲ. ಎಳೆ ಬೇರೆ ಇತ್ತು, ನಾನೇ ಗಾಜು ಹಾಕಿ ನೋಡಿದ್ದೀನಿ," ಎಂದು ಯಜಮಾನರು ಎದ್ದೇಬಿಟ್ಟರು.

ಪಕ್ಕದಲ್ಲಿದ್ದ ಮೇಷ್ಟ್ರು ತಲೆ ಕೆರೆದುಕೊಂಡು, "ನಡುವೆ ಎಳೆ ಹೊರಬರೋ ಒಂದು ನಳಿಗೆ ಬದಲಾಯಿಸಿದ್ವಿ ಸಾರ್. ಕೆಲವು ಪಟ್ಟಿಯ ಎಳೆ ಸ್ವಲ್ಪ ದಪ್ಪ ಬಂತು. ಗುಣ ಒಂದೇ," ಎಂದರು.

"ಯಾವ ಎಳೆ? ನನ್ನ ಪಟ್ಟಿ ನೀವು ಯಾಕೆ ನೋಡೋಕೆ ಹೋದ್ರಿ?" ಟೈಲರಮ್ಮನ ದನಿ ಏರಿತು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ. ನಾನು ಲಕೋಟೆ ಬಿಚ್ಚಿ ಚೀಟಿಯೊಂದನ್ನು ಮಗುಚಿ ಮೇಜಿನ ಮೇಲಿಟ್ಟೆ. ಯಜಮಾನರು ಅದನ್ನು ಕಣ್ಣಿನ ಹತ್ತಿರ ಹಿಡಿದರು. ತಮ್ಮ ಅಂಟನ್ನು ಗುರುತಿಸಿದರು. ಅದರ ಮೇಲಿದ್ದ ಬಿಳಿ ಅಂಟನ್ನು ಹೆಬ್ಬೆರಳಲ್ಲಿ ಸವರಿ, ಹೆಂಡತಿಯ ಕಡೆ ನೋಡಿದರು.

"ಲೇಸಿನ ಅಂಟು," ಎಂದರು.

"ಬೆರಳು ಹೋಗೋ ಹೊತ್ತಲ್ಲಿ ನನಗೆ ಕೊಡೋಕೆ ಬಂದ್ರಾ? ಬುದ್ಧಿ ಇದೆಯಾ ನಿಮಗೆ?"

"ನಿನಗಿತ್ತಾ?"

ಆಮೇಲೆ ಟೈಲರಮ್ಮ ತೂಕದ ಯಂತ್ರವನ್ನು ಕಾಲಲ್ಲೇ ಪಕ್ಕಕ್ಕೆ ನೂಕಿ, ಗಂಡನ ಮುಂದೆ ನೆಲದ ಮೇಲೆ ಕೂತು, ಅವರ ಕಾಲ್ಚೀಲ ಎಳೆದು ಹೆಬ್ಬೆರಳನ್ನು ಹಿಡಿದುಕೊಂಡರು.

"ಈ ಬೆರಳು ನಂದು. ಇನ್ನೊಂದು ಸಲ ನನ್ನ ಕೇಳದೆ ಯಾರಿಗೂ ಬಿಟ್ಟುಕೊಡೋ ಹಾಗಿಲ್ಲ," ಎಂದರು.

"ಹಾಗಾದ್ರೆ ಆ ಹಿಮ್ಮಡಿ?"

"ಅದೂ ನಂದೇ."

"ನೋಡಿದ್ರಾ ಸಿಸ್ಟರ್, ಇವಳ ನ್ಯಾಯ," ಎಂದು ಯಜಮಾನರು ನನ್ನ ಕಡೆ ತಿರುಗಿ ಹೇಳಿದರು. ಬೆರಳನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.