ಮಾದರಿಗೆಂದು ಬರೆದ ಶ್ರದ್ಧಾಂಜಲಿ

ಪತ್ರಿಕೆಯೊಂದರ ಹೊಸ ಜಾಲತಾಣ ಕಟ್ಟುತ್ತಿದ್ದ ಆ ತಂಡದಲ್ಲಿ ಒಂದು ಕಟ್ಟಳೆ ಇತ್ತು. ಪರೀಕ್ಷೆಗೆಂದು ತುಂಬುವ ಮಾದರಿ ಪುಟಗಳಲ್ಲಿ ಬಾಯಿಗೆ ಬಂದದ್ದು ಗೀಚುವಂತಿಲ್ಲ, ನಿಜದ ಹಾಗೇ ಇರಬೇಕು. ತಂಡದ ಮುಖ್ಯಸ್ಥ 'ಮೇಷ್ಟ್ರು' ಈ ವಿಷಯದಲ್ಲಿ ಮಹಾ ಹಟಮಾರಿ. ಶ್ರದ್ಧಾಂಜಲಿ ಪುಟ ತನ್ನ ಪಾಲಿಗೆ ಬಂದಾಗ 'ಅಕ್ಕ' ಎಂದೇ ಎಲ್ಲರೂ ಕರೆಯುವ ಅವಳು ಕೈಗೆ ಸಿಕ್ಕ ಫೋಟೊ ಹಾಕಿದಳು. ಅದು ಅವಳ ಅಪ್ಪನದು. ಅಪ್ಪ ಇನ್ನೂ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದರು. ತನಗೆ ಬೇಕಾದವನನ್ನು ಮದುವೆಯಾದ ಮಗಳ ಹೊಸಿಲನ್ನು ಮಾತ್ರ ಇವತ್ತಿನವರೆಗೂ ತುಳಿದಿರಲಿಲ್ಲ. ನಾಲ್ಕು ಸಾಲು ಬರೆಯಲು ಕೂತವಳು ಪುಟ ತುಂಬ ಬರೆದಿದ್ದಳು.

ಹೊಸ ತಾಣ ಓದುಗರಿಗೆ ತೆರೆದ ಮರುದಿನ ಬೆಳಿಗ್ಗೆ ಆ ಪುಟ ಲೋಕಕ್ಕೆಲ್ಲ ಕಾಣುತ್ತಿತ್ತು.

"ಇದನ್ನ ಯಾರು ಹೊರಗೆ ಬಿಟ್ಟಿದ್ದು?" ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು.

ಪಕ್ಕದ ಮೇಜಿನ 'ಗಡಿಬಿಡಿ' ಎಂಬ ಹುಡುಗ ಬೆವರುತ್ತಿದ್ದ. "ನಾನು 'ಪ್ರಕಟಿಸು' ಒತ್ತಿದ್ದು ಮುಖಪುಟಕ್ಕೆ ಮಾತ್ರ ಸಾರ್. ಅದಕ್ಕೆ ಜೋಡಿಸಿದ್ದ ಪುಟಗಳನ್ನೂ ಈ ಸಾಫ್ಟ್‌ವೇರ್ ತಾನೇ ಪ್ರಕಟಿಸಿಬಿಟ್ಟಿದೆ."

ಅಕ್ಕ ಗಡಿಯಾರ ನೋಡಿದಳು. ಅಪ್ಪ ದಿನಾ ಬೆಳಿಗ್ಗೆ ಫೋನಿನಲ್ಲಿ ಮೊದಲು ತೆರೆಯುತ್ತಿದ್ದುದೇ ಈ ಪತ್ರಿಕೆಯ ಶ್ರದ್ಧಾಂಜಲಿ ಪುಟ. ಮಗಳು ತಾನು ಸಾಯಲಿ ಅಂತ ಕಾಯ್ತಿದ್ದಾಳೆ ಅಂದುಕೊಂಡರೆ? ಈಗೀಗ ಅವಳು ಫೋನು ಮಾಡಿದರೆ ನಾಲ್ಕು ಮಾತಾಡುತ್ತಿದ್ದರು; ಅರ್ಧ ತೆರೆದಿದ್ದ ಆ ಬಾಗಿಲೂ ಮುಚ್ಚಿದಂತೆಯೇ. ಅವಳು ಪುಟ ತೆಗೆಯುವ ಗುಂಡಿ ಒತ್ತಿದಳು. 'ಈ ಪುಟವನ್ನು ಬೇರೊಬ್ಬರು ತಿದ್ದುತ್ತಿದ್ದಾರೆ' ಎಂದಿತು ಪರದೆ. ಒಬ್ಬರ ಕೈಯಲ್ಲಿರುವ ಪುಟವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಇಂಥ ಬೀಗ ಬೇಕೇ ಬೇಕು ಎಂದು ಪಟ್ಟು ಹಿಡಿದವಳು ಅವಳೇ.

ಮೇಷ್ಟ್ರು ಪತ್ರಿಕೆಯ ಕಚೇರಿಗೆ ಫೋನು ಹಚ್ಚಿದರು. ಎಂಗೇಜು. ಮತ್ತೆ ಹಚ್ಚಿದರು. ಅಕ್ಕ ಅಮ್ಮನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಗಡಿಬಿಡಿ ನೀರು ತಂದುಕೊಟ್ಟ, ಅದನ್ನೂ ಕೀಬೋರ್ಡಿನ ಮೇಲೆ ಚೆಲ್ಲಿದ.

ಕೊನೆಗೂ ಆ ಕಡೆ ಸಂಪಾದಕೀಯ ವಿಭಾಗದ ಹೆಂಗಸೊಬ್ಬರು ಸಿಕ್ಕಿದರು. "ಹ್ಞಾಂ, ನಾನೇ ತಿದ್ದುತಾ ಇದೀನಿ. ಒಂದೆರಡು ಅಕ್ಷರ ತಪ್ಪಿತ್ತು. ಓದಿ ಕಣ್ಣಲ್ಲಿ ನೀರು ಬಂತು, ಪಾಪ, ಮಗಳೇ ಬರೆದಿರಬೇಕು."

ಮೇಷ್ಟ್ರು ಕೂಗಿದರು, "ಮೇಡಂ, ಅವರು ಬದುಕಿದಾರೆ! ಮೊದಲು ಪುಟ ಮುಚ್ಚಿ!"

ಪುಟ ಮರೆಯಾದ ಬೆನ್ನಿಗೇ ಅಕ್ಕನ ಫೋನು ಹೊಡೆದುಕೊಂಡಿತು. ಅಪ್ಪ. ತಾವಾಗಿ ಅವರೆಂದೂ ಫೋನು ಮಾಡಿದವರಲ್ಲ. ಅವಳು ಫೋನೆತ್ತಿ ಕಿವಿಗಿಟ್ಟಳು.

"ಅಪ್ಪಾ, ಅದು ಸುಮ್ಮನೆ ಮಾದರಿಗೆ ಅಂತ..."

"ಓದಿದೆ. ನಿಮ್ಮಮ್ಮನಿಗೂ ಜೋರಾಗಿ ಓದಿ ಹೇಳಿದೆ. ಸತ್ತವರೇ ಓದ್ತಿದ್ದೀರಲ್ಲ ಅಂತ ನಗ್ತಾ ಇದಾಳೆ." ಅವರು ಗಂಟಲು ಸರಿಮಾಡಿಕೊಂಡರು. "ಅದರಲ್ಲಿ ಒಂದು ಸುಳ್ಳಿದೆ."

"ಯಾವುದು ಅಪ್ಪಾ?"

"ಕೋಪ ಬಿಟ್ಟು ಮಗಳ ಮನೆಗೆ ಹೋದರು, ಅಳಿಯನ ಪಕ್ಕ ಕೂತು ಉಂಡರು ಅಂತ ಬರೆದಿದೀಯ. ನಾನು ಯಾವಾಗ ಬಂದಿದ್ದೆ?"

"ಬಂದಿಲ್ಲಪ್ಪ. ಬರಬೇಕು ಅಂತ ಆಸೆ ಇತ್ತು, ಬರೆದುಬಿಟ್ಟೆ."

ತಂಡದವರೆಲ್ಲ ತಮ್ಮ ತಮ್ಮ ಪರದೆ ನೋಡುವವರಂತೆ ನಟಿಸುತ್ತಿದ್ದರು.

"ಭಾನುವಾರ ಇಬ್ರೂ ಮನೇಲಿರ್ತೀರಾ?" ಎಂದರು ಅಪ್ಪ.