ಒಳಗೆ ಬಿಟ್ಟ ಬಟ್ಟೆ

ಈ ದೇಶಕ್ಕೆ ಬಂದು ಐದು ತಿಂಗಳಾದ ಮೇಲೆ ನನಗೊಂದು ಕೆಲಸ ಸಿಕ್ಕಿತು. ಸಿಕ್ಕಿತು ಅನ್ನುವುದು ಸ್ವಲ್ಪ ಹೆಚ್ಚಾಯಿತು. ಹದಿನೈದು ದಿನ ನೋಡುತ್ತೇನೆ, ಸರಿಹೋದರೆ ಇಟ್ಟುಕೊಳ್ಳುತ್ತೇನೆ ಎಂದಿದ್ದಳು ಅಂಗಡಿಯ ಒಡತಿ. ಬಟ್ಟೆ ಗಿಡ್ಡ ಮಾಡುವ, ಬಿಗಿ ಮಾಡುವ, ಜಿಪ್ಪು ಬದಲಿಸುವ ಅಂಗಡಿ ಅದು. ಎರಡು ಮಷಿನ್ನು, ಅಂಚು ಹೊಲಿಯುವ ಒಂದು ಓವರ್‌ಲಾಕ್, ಕಿಟಕಿಯ ಪಕ್ಕ ಇಸ್ತ್ರಿ ಮೇಜು. ಒಡತಿಗೆ ಅರವತ್ತು ದಾಟಿರಬೇಕು. ಕೊರಳಲ್ಲಿ ಸದಾ ಟೇಪು ಜೋತಾಡುತ್ತಿತ್ತು, ಮಾತನ್ನೂ ಅದರಲ್ಲೇ ಅಳೆದು ಕೊಡುತ್ತಿದ್ದಳು. ಮನೆಯಲ್ಲಿ ನಾನು ಅವಳಿಗೆ ಟೇಪಮ್ಮ ಎಂದು ಹೆಸರಿಟ್ಟೆ.

ಸರಿಹೋಗದಿದ್ದರೆ ಏನು ಎಂಬುದೂ ಮೊದಲೇ ತೀರ್ಮಾನವಾಗಿತ್ತು. ನಮ್ಮವರು ನನಗಿಂತ ಮೂರು ವರ್ಷ ಮುಂಚೆ ಬಂದು ಇಲ್ಲಿನ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದವರು. ಅವರ ಗೆಳೆಯರೊಬ್ಬರು ಮೀನು ಪ್ಯಾಕ್ ಮಾಡುವ ಕೋಲ್ಡ್ ಸ್ಟೋರೇಜಿನಲ್ಲಿ ನನಗೊಂದು ಜಾಗ ಹೇಳಿಟ್ಟಿದ್ದರು. ಕೆಲಸ ಯಾವುದಾದರೂ ಕೆಲಸವೇ, ನಾನೇನು ಮಹಾರಾಣಿಯಲ್ಲ. ಆದರೆ ಇಪ್ಪತ್ತು ವರ್ಷ ಊರವರೆಲ್ಲ ನನ್ನನ್ನು ಟೈಲರಕ್ಕ ಎಂದೇ ಕರೆದಿದ್ದರು. ಇಲ್ಲಿ ನಾನು ಬರೀ ಇಂಥವರ ಹೆಂಡತಿ, ಇಂಥವಳ ಅಮ್ಮ. ಆ ತಣ್ಣನೆಯ ಕೋಣೆಗೆ ಹೋದರೆ ಟೈಲರಕ್ಕ ಅನ್ನುವವಳು ಅಲ್ಲೇ ಮುಗಿದುಹೋಗುತ್ತಾಳೆ ಎಂದು ನನಗೆ ಭಯವಿತ್ತು. ನಿಜವಾದ ಭಯ, ನಿದ್ದೆಗೆಡಿಸುವಂಥದ್ದು.

ಇಲ್ಲಿನ ಭಾಷೆಯಲ್ಲಿ ನನಗೆ ಗೊತ್ತಿದ್ದದ್ದು ನಲವತ್ತು ಪದ. ಎಣಿಸಿದವಳು ನನ್ನ ಮಗಳು. ಅವಳಿಗೆ ಹತ್ತು ವರ್ಷ, ಐದೇ ತಿಂಗಳಲ್ಲಿ ಆ ಭಾಷೆಯಲ್ಲಿ ಜಗಳವಾಡುವಷ್ಟು ಕಲಿತಿದ್ದಾಳೆ. ಎಳೆಯಬೇಕಾದ ಬಾಗಿಲನ್ನು ನಾನು ತಳ್ಳುತ್ತಾ ನಿಂತರೆ, ಬಸ್ಸಿನಲ್ಲಿ ಪಕ್ಕದವರನ್ನು ಊಟ ಆಯಿತಾ ಎಂದು ಕೇಳಿದರೆ, ಅವಳು ಅಮ್ಮ ಯಾರೋ ತಾನು ಯಾರೋ ಎಂಬಂತೆ ಕಿಟಕಿ ಕಡೆ ತಿರುಗಿಬಿಡುತ್ತಾಳೆ.

ಹೊಲಿಗೆಗೆ ಭಾಷೆ ಬೇಕಿರಲಿಲ್ಲ. ಎಡವಟ್ಟಾದದ್ದು ಕತ್ತರಿಯ ವಿಷಯದಲ್ಲಿ. ಇಲ್ಲಿ ಪ್ಯಾಂಟು ಗಿಡ್ಡ ಮಾಡಿದರೆ ಮಿಕ್ಕ ಬಟ್ಟೆಯನ್ನು ಕತ್ತರಿಸಿ ಮೇಜಿನ ಕೆಳಗಿನ ಬುಟ್ಟಿಗೆ ಎಸೆಯಬೇಕು. ನಮ್ಮಲ್ಲಿ ಅಳತೆ ಕೊಡುವ ಮೊದಲೇ 'ಒಳಗೆ ಸ್ವಲ್ಪ ಬಟ್ಟೆ ಬಿಡಿ ಅಕ್ಕಾ' ಎನ್ನುತ್ತಾರೆ. ಬೆಳೆಯುವ ಮಕ್ಕಳಿಗೆ ಬಿಡಬೇಕು, ಬಸುರಿಗೆ ಬಿಡಬೇಕು, ಅಕ್ಕನಿಂದ ತಂಗಿಗೆ ಇಳಿಯುವ ಲಂಗಕ್ಕಂತೂ ನಾಲ್ಕು ಬೆರಳು ಬಿಡಲೇಬೇಕು. ಇಪ್ಪತ್ತು ವರ್ಷ ಹಾಗೆ ಬಿಟ್ಟು ಬಿಟ್ಟು ಪಳಗಿದ ಕೈ ಇದು. ಒಳ್ಳೆ ಬಟ್ಟೆಯನ್ನು ಬುಟ್ಟಿಗೆ ಹಾಕು ಎಂದರೆ ಮನಸ್ಸು ಎಲ್ಲಿಂದ ಬರಬೇಕು?

ಮೂರನೇ ದಿನ ಒಂದು ಪ್ಯಾಂಟಿನ ಮಿಕ್ಕ ಬಟ್ಟೆಯನ್ನು ಗುಟ್ಟಾಗಿ ಒಳಗೇ ಮಡಚಿ ಹೊಲಿದೆ. ಮಾರನೇ ದಿನವೇ ಗಿರಾಕಿ ವಾಪಸು ತಂದ, ಕಾಲಿಗೆ ಏನೋ ಒತ್ತುತ್ತದಂತೆ. ಟೇಪಮ್ಮ ಹೊಲಿಗೆ ಬಿಚ್ಚಿದಾಗ ನಾಲ್ಕು ಬೆರಳು ಬಟ್ಟೆ ಹೊರಗೆ ಬಿತ್ತು. ಕದ್ದ ಮಾಲು ಸಿಕ್ಕಿದ ಹಾಗೆ ನನ್ನನ್ನು ನೋಡಿದಳು. ಏಳನೇ ದಿನ ಒಂದು ಸ್ಕರ್ಟಿನಲ್ಲಿ ಮತ್ತೆ ಸಿಕ್ಕಿಬಿದ್ದೆ. ಈ ಸಲ ಅವಳು ನನ್ನ ಮುಖದ ಮುಂದೆ ಎರಡು ಬೆರಳೆತ್ತಿ, ಮೂರನೆಯದನ್ನೂ ಎತ್ತಿ, ಬಾಗಿಲು ತೋರಿಸಿದಳು. ಇದಕ್ಕೆ ನಲವತ್ತು ಪದವೂ ಬೇಕಾಗಲಿಲ್ಲ.

ಅಂದಿನಿಂದ ಬಾಯಿ ಮುಚ್ಚಿಕೊಂಡು ಕತ್ತರಿಸಿದೆ. ಸಂಜೆ ತುಂಬಿದ ಬುಟ್ಟಿ ನೋಡಿ ಸಂಕಟಪಡುತ್ತಿದ್ದೆ. ನಮ್ಮವರ ಹತ್ತಿರ ಗೋಳು ತೋಡಿಕೊಂಡರೆ, 'ಅವರ ಅಂಗಡಿ, ಅವರ ಕತ್ತರಿ. ನಿಂಗ್ಯಾಕೇ ಹೊಟ್ಟೆಉರಿ?' ಎಂದು ನಕ್ಕರು.

ಹದಿಮೂರನೇ ದಿನ ವಯಸ್ಸಾದವರೊಬ್ಬರು ಕಡುನೀಲಿ ಕೋಟು ತೊಟ್ಟುಕೊಂಡೇ ಬಂದರು. ಮೊಳೆಗೆ ನೇತುಹಾಕಿದ ಹಾಗಿತ್ತು ಆ ಕೋಟು ಅವರ ಮೈಮೇಲೆ. ಬಹಳ ದಿನ ಕಾಯಿಲೆ ಮಲಗಿದ್ದರಂತೆ, ಮುಂದಿನ ವಾರ ಮಗಳ ಮದುವೆಯಂತೆ; ಅವರ ಕೈಸನ್ನೆಯಿಂದ ನನಗೆ ಅಷ್ಟು ತಿಳಿಯಿತು. ಟೇಪಮ್ಮ ಎರಡೂ ಪಕ್ಕ ಎರಡೆರಡು ಬೆರಳು ಹಿಡಿದು ಪಿನ್ನು ಚುಚ್ಚಿದಳು. ಅವರು ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು ತಟ್ಟನೆ ಮುಖ ತಿರುಗಿಸಿದರು.

ಲೈನಿಂಗ್ ಬಿಚ್ಚಿ, ಪಕ್ಕದ ಹೊಲಿಗೆ ಹಾಕಿ, ಕತ್ತರಿ ಕೈಗೆ ತೆಗೆದುಕೊಂಡೆ. ಕೈ ಏಳಲಿಲ್ಲ. ಇದನ್ನು ಕತ್ತರಿಸಿದರೆ, ನೀವು ಇನ್ನು ಇಷ್ಟೇ, ಮತ್ತೆ ಮೈ ತುಂಬುವುದಿಲ್ಲ ಎಂದು ಆ ಮನುಷ್ಯನಿಗೆ ನಾನೇ ಬರೆದುಕೊಟ್ಟಂತೆ. ನನಗೇನು ಅಧಿಕಾರ? ಕತ್ತರಿ ಪಕ್ಕಕ್ಕಿಟ್ಟೆ. ಮಿಕ್ಕ ಬಟ್ಟೆಯನ್ನು ಹೊಲಿಗೆಯ ಎರಡು ಕಡೆಗೂ ಬಿಡಿಸಿ, ಒದ್ದೆ ಬಟ್ಟೆಯಿಟ್ಟು ಇಸ್ತ್ರಿ ಮಾಡಿ, ಕೈಹೊಲಿಗೆಯಲ್ಲಿ ಒಳಗೇ ಹಿಡಿಸಿದೆ. ಹೊರಗಿನಿಂದ ಒಂದು ಗೆರೆಯೂ ಕಾಣಲಿಲ್ಲ.

ಕಾಣಲಿಲ್ಲ ನಿಜ, ಆದರೆ ಟೇಪಮ್ಮನ ಬೆರಳಿಗೆ ಕಣ್ಣಿದೆ. ಕೋಟಿನ ಪಕ್ಕವನ್ನು ಒಮ್ಮೆ ಸವರಿದವಳು ಅಲ್ಲೇ ನಿಂತಳು. ನಾನು ಮುಚ್ಚಿದ್ದ ಲೈನಿಂಗನ್ನು ಒಂದು ಗೇಣು ಬಿಚ್ಚಿ ನೋಡಿದಳು.

'ಯಾಕೆ?' ಎಂದಳು.

ಆ ಪದ ನನ್ನ ನಲವತ್ತರಲ್ಲಿತ್ತು. ಉತ್ತರ ಇರಲಿಲ್ಲ. ಕನ್ನಡದಲ್ಲಾದರೆ ಒಂದು ಗಂಟೆ ಹೇಳುತ್ತಿದ್ದೆ. ಉಕ್ಕಿ ಬಂದ ಅಳುವಿನ ಮೇಲೆ ನನಗೇ ಸಿಟ್ಟು ಬಂದು, ನಾನು ತೊಟ್ಟಿದ್ದ ಟಾಪಿನ ಪಕ್ಕವನ್ನು ಎತ್ತಿ ಒಳಗಿನ ಹೊಲಿಗೆಯನ್ನು ಅವಳ ಮುಂದೆ ಹಿಡಿದೆ. ಮದುವೆಯ ವರ್ಷ ನಾನೇ ಹೊಲಿದುಕೊಂಡದ್ದು ಅದು. ಬಟ್ಟೆ ಗಟ್ಟಿ, ನಾನು ಜುಗ್ಗಿ, ಹಾಗಾಗಿ ಇನ್ನೂ ಇದೆ. ಒಳಗೆ ಬಿಚ್ಚಿದ ಹೊಲಿಗೆಗಳ ಗುರುತು ಸಾಲಾಗಿ ಕಾಣುತ್ತಿತ್ತು. ಮೊದಲನೆಯದರ ಮೇಲೆ ಬೆರಳಿಟ್ಟು ಉಂಗುರ ತೋರಿಸಿದೆ. ಎರಡನೆಯದಕ್ಕೆ ಕೈಯಿಂದ ಹೊಟ್ಟೆ ಮಾಡಿ ತೋರಿಸಿದೆ. ಮೂರನೆಯದು ನಮ್ಮಮ್ಮ ತೀರಿಕೊಂಡು ನಾನು ಕಡ್ಡಿಯಾಗಿದ್ದಾಗಿನದು, ಅದಕ್ಕೆ ಕೆನ್ನೆ ಒಳಗೆಳೆದುಕೊಂಡೆ. ನಾಲ್ಕನೆಯದು ಈಗಿನದು. ಅದಕ್ಕೆ ಸೊಂಟ ತಟ್ಟಿದೆ. ಆಮೇಲೆ ಆ ನೀಲಿ ಕೋಟಿನ ಮೇಲೆ ಕೈಯಿಟ್ಟೆ.

ಟೇಪಮ್ಮ ನನ್ನ ಟಾಪಿನ ಆ ನಾಲ್ಕು ಗೆರೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟಿದಳು. ಕೋಟನ್ನು ಹಾಗೇ ಗೂಟಕ್ಕೆ ಹಾಕಿ, ಇವತ್ತಿಗೆ ಸಾಕು, ಮನೆಗೆ ಹೋಗು ಎಂದಳು.

ಕೆಲಸ ಹೋಯಿತೆಂದೇ ಮನೆಗೆ ಬಂದೆ. ನಮ್ಮವರು ಪೂರ್ತಿ ಕೇಳಿ, ಹೊರಗೆ ಹೋಗಿ, ಎರಡು ಜೊತೆ ದಪ್ಪ ಉಣ್ಣೆಯ ಕಾಲುಚೀಲ ತಂದಿಟ್ಟರು. ಕೋಲ್ಡ್ ಸ್ಟೋರೇಜಿಗೆ. ಪ್ರೀತಿಯಿಂದಲೇ ತಂದದ್ದು, ಗೊತ್ತು. ಆದರೂ ನನಗೆ ಮೈಯೆಲ್ಲ ಉರಿಯಿತು.

'ನಾನಿನ್ನೂ ಸೋತಿಲ್ಲ ರೀ,' ಎಂದೆ.

'ಸೋತೆ ಅಂತ ಯಾರಂದ್ರು? ಕಾಲು ಬೆಚ್ಚಗಿರ್ಲಿ ಅಂತ ತಂದೆ,' ಎಂದರು.

ಬೆಳಿಗ್ಗೆ ಹೋಗುವುದೋ ಬೇಡವೋ ಎಂದುಕೊಳ್ಳುತ್ತಲೇ ಹೋದೆ. ಹೊರಗೆ ಹಾಕುವುದಾದರೆ ಮುಖ ನೋಡಿಯೇ ಹಾಕಲಿ. ಟೇಪಮ್ಮ ತಲೆಯೆತ್ತಲಿಲ್ಲ. ಕೋಟು ಗೂಟದಲ್ಲೇ ಇತ್ತು, ಬಿಚ್ಚಿದ ಲೈನಿಂಗ್ ಬಿಚ್ಚಿದಂತೆಯೇ ಇತ್ತು. ಹತ್ತು ಗಂಟೆಗೆ ಕೋಟಿನ ಹಿರಿಯರು ಬಂದರು, ತೊಟ್ಟರು. ಭುಜದಿಂದ ಸೊಂಟದವರೆಗೆ ಸರಿಯಾಗಿ ಕೂತಿತ್ತು. ಈ ಸಲ ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತರು. ಟೇಪಮ್ಮ ಅದನ್ನು ಬಿಚ್ಚಿಸಿಕೊಂಡು, ಒಳಮಗ್ಗುಲು ತಿರುಗಿಸಿ, ಮಡಚಿಟ್ಟ ಬಟ್ಟೆಯನ್ನು ಅವರಿಗೆ ತೋರಿಸಿದಳು. ಏನೇನೋ ಹೇಳಿದಳು. ನನಗೆ ಅರ್ಧ ತಿಳಿಯಿತು: ಇಲ್ಲಿ ಬಟ್ಟೆ ಇದೆ, ಕತ್ತರಿಸಿಲ್ಲ, ಮೈ ತುಂಬಿದ ಮೇಲೆ ಬಿಡಿಸಿಕೊಳ್ಳಬಹುದು.

ಆ ಹಿರಿಯರು ಬಟ್ಟೆಯ ಅಂಚನ್ನು ಬೆರಳಿನಲ್ಲಿ ಹಿಡಿದುಕೊಂಡೇ ಇದ್ದರು. ಆಮೇಲೆ 'ಆಗ ಇದನ್ನ ಬಿಡಿಸಿಕೊಡೋರು ಯಾರು?' ಎಂದು ಕೇಳಿದರು.

ಟೇಪಮ್ಮ ನನ್ನ ಕಡೆ ನೋಡಲೂ ಇಲ್ಲ, ಬರೀ ಕೈ ತೋರಿಸಿದಳು.

'ಅವಳು ಇಲ್ಲೇ ಇರ್ತಾಳೆ,' ಎಂದಳು. 'ನೀವು ದಪ್ಪ ಆಗಿ ಬನ್ನಿ.'

ಅವಳು, ಇಲ್ಲೇ, ಇರು. ಮೂರೂ ಪದ ನನಗೆ ಗೊತ್ತಿದ್ದವು. ಆದರೂ ಇನ್ನೊಂದು ಸಲ ಹೇಳಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಟೇಪಮ್ಮ ಹೇಳಲಿಲ್ಲ. ಕೋಟನ್ನು ನನ್ನ ಮೇಜಿನ ಮೇಲಿಟ್ಟು, ಪ್ಯಾಂಟುಗಳನ್ನು ಮಾತ್ರ ಕತ್ತರಿಸಲೇಬೇಕು ಎಂದು ಬೆರಳು ಆಡಿಸಿ ಹೋದಳು.

ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಮೂರು ಸಲ ಬೇಕಾಯಿತು. ಬಿಚ್ಚಿದ ಒಂದು ಗೇಣನ್ನು ಹೊಲಿದು ಮುಚ್ಚಿದೆ. ಮುಂದೆ ಬಿಚ್ಚಲು ಸುಲಭವಾಗಲಿ ಎಂದು ಸ್ವಲ್ಪ ದೊಡ್ಡ ಹೊಲಿಗೆಯನ್ನೇ ಹಾಕಿದೆ. ಬಿಚ್ಚುವವಳು ನಾನೇ ತಾನೆ.