ಶನಿವಾರಕ್ಕೆ ಒಂದು ಸೋಮವಾರ

ಆಷಾಢ ಆಗತಾನೇ ಹುಟ್ಟಿತ್ತು. ಆ ಭಾನುವಾರ ಬೆಳಿಗ್ಗೆ ಚನ್ನಗಿರಿಯಲ್ಲಿ ಮಳೆ ಇರಲಿಲ್ಲ, ಬಿಸಿಲೂ ಇರಲಿಲ್ಲ. ಗಾಳಿ ಮಾತ್ರ ಇತ್ತು. ಸಮುದಾಯ ಭವನದ ಬಾಗಿಲಿಗೆ ಕಟ್ಟಿದ್ದ ನೌಕರರ ಸಂಘದ ಬ್ಯಾನರನ್ನು ಪಟಪಟನೆ ಬಡಿಯುತ್ತ, ಯಾರಿಗೋ ಅವಸರದ ಸುದ್ದಿ ಮುಟ್ಟಿಸಲು ಹೊರಟಂತೆ ಬೀಸುತ್ತಿತ್ತು. ಹೊನ್ನಾಳಿ, ನ್ಯಾಮತಿಯಿಂದ ಬಂದವರು ತಲೆ ಒರೆಸಿಕೊಳ್ಳುತ್ತ ಒಳಗೆ ಬಂದರು. ಅಲ್ಲಿ ಬೆಳಗಿನ ಜಾವದಿಂದ ಜಡಿಮಳೆ. ಜಗಳೂರಿನವರ ತಲೆಯ ಮೇಲೆ ಕೆಂಪು ಧೂಳು.

"ನಿಮ್ಮೂರಿಗೆ ಮೋಡ ಬರೋದು ಬರೇ ದಾರಿ ಕೇಳಾಕೇನ್ರಿ?" ಎಂದು ಹೊನ್ನಾಳಿ ಕೇಂದ್ರದ ಕಾವಲುಗಾರ ಜಯಪ್ಪ ಕೆಣಕಿದ.

"ಹೂಂ, ಬಳ್ಳಾರಿ ಎತ್ಲಾಗೆ ಅಂತ ಕೇಳ್ತಾವೆ. ತೋರಿಸಿ ಕಳಿಸ್ತೀವಿ," ಎಂದಿತು ಜಗಳೂರಿನ ಗುಂಪು.

ನಗು ಎದ್ದಿತು. ಶಾಂತಾದೇವಿಯೂ ನಕ್ಕಳು. ಚನ್ನಗಿರಿಯ ಸ್ನಾತಕೋತ್ತರ ಕೇಂದ್ರದ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತ ತಲೆ ಬೆಳ್ಳಗಾದವಳು ಅವಳು. ಇಷ್ಟು ವರ್ಷವೂ ಏಜೆನ್ಸಿಯವರು ಕೊಟ್ಟಾಗ ಸಂಬಳ, ಕರೆದಾಗ ಕೆಲಸ. ಈಗ ವಿಶ್ವವಿದ್ಯಾಲಯವೇ ನೇರವಾಗಿ ಒಪ್ಪಂದ ಮಾಡಿಕೊಳ್ಳುತ್ತೇನೆಂದು ಬಂದಿತ್ತು. ಅರವತ್ತರವರೆಗೆ ಯಾರೂ ತೆಗೆಯುವಂತಿಲ್ಲ. ಪಿಎಫ್ ಉಂಟು, ಇಎಸ್‌ಐ ಉಂಟು, ಬಿಡುವಾಗ ಕೈಗೆ ಗ್ರಾಚ್ಯುಟಿ ಉಂಟು. ಬೇಕು, ಬೇಡ ಎಂದು ಮತ ಹಾಕುವ ದಿನ ಇದು. ನಾಲ್ಕು ತಾಲ್ಲೂಕಿನ ಕೇಂದ್ರಗಳವರೂ ಸೇರಿದ್ದರು.

ಅವಳ ಜೊತೆಯವಳು ಅಜ್ಜಮ್ಮ. ಊರು ಜಗಳೂರು ತಾಲ್ಲೂಕಿನ ಸೊಕ್ಕೆ. ವಾರವೆಲ್ಲ ಹಾಸ್ಟೆಲ್ಲಿನ ಹಿಂದಿನ ಕೋಣೆಯಲ್ಲಿ ವಾಸ. ಬೆಳಗಿನ ಪಾಳಿ ಶಾಂತಾದೇವಿಯದು, ಮಧ್ಯಾಹ್ನದ ಮೇಲಿನದು ಅಜ್ಜಮ್ಮನದು. ಅಜ್ಜಮ್ಮನ ಮಗಳು ಚೈತ್ರಶ್ರೀಗೆ ಕಿವಿ ಕೇಳುವುದಿಲ್ಲ. ದಾವಣಗೆರೆಯಲ್ಲಿ ಅಂಥ ಮಕ್ಕಳ ವಸತಿ ಶಾಲೆಯಲ್ಲಿದ್ದಳು. ಶನಿವಾರ ಮಧ್ಯಾಹ್ನ ಹೆತ್ತವರೇ ಹೋಗಿ ಊರಿಗೆ ಕರೆದುಕೊಂಡು ಹೋಗಬೇಕು, ಭಾನುವಾರ ತಂದು ಬಿಡಬೇಕು. ಬೇರೆಯವರ ಕೈಗೆ ಮಗುವನ್ನು ಕೊಡುವುದಿಲ್ಲ. ಗಂಡ ಲಾರಿಯ ಮೇಲೆ ಹೋದವನು ಎಂದು ಬಂದಾನೋ ಅವನಿಗೇ ಗೊತ್ತಿಲ್ಲ. ಒಮ್ಮೆ ಬಸ್ಸು ಕೆಟ್ಟು ಅಜ್ಜಮ್ಮ ತಡವಾಗಿ ಹೋದಾಗ, ಹುಡುಗಿ ಚೀಲ ಹೆಗಲಿಗೇರಿಸಿಕೊಂಡೇ ಗೇಟಿನ ಹತ್ತಿರ ಕೂತಿದ್ದಳಂತೆ. ಯಾರು ಕೊಟ್ಟರೂ ಊಟ ಮುಟ್ಟಿರಲಿಲ್ಲವಂತೆ.

ಅದಕ್ಕೇ ಇಬ್ಬರೂ ಮುಯ್ಯಿ ಮಾಡಿಕೊಂಡಿದ್ದರು. ಹೊಲದ ಕೆಲಸದಲ್ಲಿ ನೀನು ನನ್ನ ಕಳೆಗೆ ಬಂದರೆ ನಾನು ನಿನ್ನ ಕೊಯ್ಲಿಗೆ ಬರುತ್ತೇನೆ ಎನ್ನುವುದುಂಟಲ್ಲ, ಅದೇ ಲೆಕ್ಕ. ಶನಿವಾರ ಅಜ್ಜಮ್ಮನ ಪಾಳಿಯನ್ನೂ ಶಾಂತಾದೇವಿ ಎಳೆಯುತ್ತಿದ್ದಳು. ಸೋಮವಾರ ಶಾಂತಾದೇವಿಯ ಪಾಳಿಯನ್ನು ಅಜ್ಜಮ್ಮ ಮಾಡುತ್ತಿದ್ದಳು. ಸೋಮವಾರ ಶಾಂತಾದೇವಿಗೆ ಉಪವಾಸ. ತ್ಯಾವಣಿಗೆಯ ತವರಿನ ಮಠಕ್ಕೆ ಹೋಗಿ, ಗದ್ದುಗೆಯ ಅಂಗಳ ಗುಡಿಸಿ, ಲಿಂಗಪೂಜೆ ಮುಗಿಸಿ ಬಂದರೆ ಅವಳಿಗೆ ವಾರಕ್ಕೆ ಸಾಕಾಗುವಷ್ಟು ತಂಪು. ವಾರ್ಡನ್ನಿಗೆ ಇದೆಲ್ಲ ಗೊತ್ತಿತ್ತು. ಅನ್ನ ಹೊತ್ತಿಗೆ ಬೆಂದರೆ ಬೇಯಿಸಿದವರು ಯಾರೆಂದು ಅವರು ಕೇಳುತ್ತಿರಲಿಲ್ಲ.

ಶುಕ್ರವಾರ ಸಂಘದ ಮುಖಂಡ ಕಲ್ಲೇಶಪ್ಪ ಅಡುಗೆಮನೆಗೇ ಬಂದು ಒಪ್ಪಂದ ಓದಿದ್ದ. ಗ್ರಂಥಾಲಯದ ಅಟೆಂಡರು, ಸಂಘಕ್ಕಾಗಿ ಚಪ್ಪಲಿ ಸವೆಸಿದ ಮನುಷ್ಯ. ಒಬ್ಬರ ಪಾಳಿಯನ್ನು ಮತ್ತೊಬ್ಬರು ಮಾಡುವಂತಿಲ್ಲ, ಮೂರು ಸಲ ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ ಎನ್ನುವುದನ್ನೂ ಓದಿದ್ದ. ಎಲ್ಲರೂ ಕೇಳಿಸಿಕೊಂಡರು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇಂಥವು ಕಾಗದದಲ್ಲಿ ಇರುತ್ತವೆ, ಅಡುಗೆಮನೆಯಲ್ಲಿ ನಡೆಯುವುದು ಬೇರೆ ಎಂದುಕೊಂಡರು. ಹಿಂದೊಮ್ಮೆ ಮುಷ್ಕರ ಒಳಜಗಳದಿಂದ ಮುರಿದಂದಿನಿಂದ ಸಂಘದಲ್ಲಿ ಒಂದು ಕಟ್ಟಳೆ ಬೆಳೆದಿತ್ತು: ಮತದ ಮುಂಚೆ ತಟ್ಟೆಯಲ್ಲಿ ವಿಭೂತಿ ಗಟ್ಟಿ ಇಟ್ಟು, ಎಲ್ಲರೂ ಮುಟ್ಟಿ, ಒಂದೇ ಕಡೆ ನಿಲ್ಲುತ್ತೇವೆಂದು ಮಾತು ಕೊಡುವುದು. ಈ ಸಲ ಒಪ್ಪಂದ ಬೇಕು ಎನ್ನುವ ಕಡೆ. ಹಿರಿಯಳೆಂದು ತಟ್ಟೆ ಮೊದಲು ಶಾಂತಾದೇವಿಯ ಮುಂದೆ ಬಂತು. ಅವಳು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಉಳಿದವರೂ ಮುಟ್ಟಿದರು.

ಭಾನುವಾರ ಸಭೆಯಲ್ಲಿ ಕಂಪ್ಯೂಟರ್ ವಿಭಾಗದ ವಿನಯ್ ಕುಮಾರ್ ಒಂದು ಮೊಬೈಲು ಎತ್ತಿ ತೋರಿಸಿದ. ಮಂಗಳವಾರ ಒಂದನೇ ತಾರೀಖು. ಅಂದಿನಿಂದ ಹಾಜರಿ ಇದರಲ್ಲೇ. ಪಾಳಿ ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ಮುಖ ತೋರಿಸಬೇಕು. ಯಾರ ಹೊತ್ತಿಗೆ ಯಾರ ಮುಖವೋ ಅದನ್ನೇ ಅದು ಒಪ್ಪುವುದು. ವಾರದ ರಜೆಯೂ ಸರದಿಯ ಮೇಲೆ ತಾನಾಗಿ ತಿರುಗುತ್ತದೆ, ವಾರ್ಡನ್ನಿನ ಕೈಯಲ್ಲಿ ಏನೂ ಇಲ್ಲ ಎಂದ.

"ನಾನು ತಿರುಪತಿಗೆ ಹೋಗಿ ತಲೆ ಬೋಳಿಸ್ಕಂಡು ಬಂದ್ರೆ ಗುರ್ತು ಹಿಡೀತೈತೇನಪ್ಪಾ?" ಎಂದು ಜಯಪ್ಪ ಕೇಳಿದ. ಮತ್ತೆ ನಗು.

ಈ ಸಲ ಶಾಂತಾದೇವಿ ನಗಲಿಲ್ಲ. ಮುಖ ತಿರುಗಿಸಿ ಅಜ್ಜಮ್ಮನನ್ನು ನೋಡಿದಳು. ಅಂದು ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ನೇರವಾಗಿ ಬಂದಿದ್ದ ಅಜ್ಜಮ್ಮ ಗೋಡೆಗೊರಗಿ ನಿಂತು, ಆ ಮೊಬೈಲನ್ನೇ ನೋಡುತ್ತಿದ್ದಳು.

ತನ್ನ ಸೋಮವಾರ ಹೋದರೆ ಹೋಗಲಿ, ಶಿವ ಅಡುಗೆಮನೆಗೂ ಬರುತ್ತಾನೆ. ಆದರೆ ಆ ಹುಡುಗಿ ಗೇಟು ಬಿಟ್ಟು ಎಲ್ಲಿಗೆ ಹೋದಾಳು? ಶಾಂತಾದೇವಿ ಎದ್ದು ಕಲ್ಲೇಶಪ್ಪನನ್ನು ಭವನದ ಹಿಂದಿನ ನಲ್ಲಿಯ ಹತ್ತಿರ ಕರೆದಳು. ಅಜ್ಜಮ್ಮನ ಸಂಗತಿಯನ್ನೆಲ್ಲ ಹೇಳಿದಳು. ಆ ಒಂದು ಅಂಶ ತಿದ್ದಿಸುವವರೆಗೆ ಮತ ಮುಂದೆ ಹಾಕಲಾಗದೇ ಎಂದು ಕೇಳಿದಳು. ಅವನು ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದ. ಇವತ್ತು ಬಿಟ್ಟರೆ ನಾಳೆಗೆ ಏಜೆನ್ಸಿಯ ಟೆಂಡರು ಮತ್ತೆ ಆಗುತ್ತದೆ, ಆಮೇಲೆ ನಮ್ಮನ್ನು ಕೇಳುವವರಿಲ್ಲ ಎಂದ. ಏಜೆನ್ಸಿ ತೆಗೆದುಹಾಕಿದ ನ್ಯಾಮತಿಯ ಇಬ್ಬರು ಬರಿಗೈಯಲ್ಲಿ ಮನೆಗೆ ಹೋದದ್ದನ್ನು ನೆನಪಿಸಿದ. ಅದೂ ಸುಳ್ಳಾಗಿರಲಿಲ್ಲ.

"ಹಂಗಾದ್ರೆ ನನ್ನ ಮಾತು ನನಗೆ ವಾಪಸ್ ಕೊಡಪ್ಪ. ವಿಭೂತಿ ಮುಟ್ಟಿ ಕೊಟ್ಟಿದ್ದು."

"ನನಗೆ ಕೊಟ್ಟಿದ್ದಾಗಿದ್ರೆ ಈಗ್ಲೇ ಕೊಡ್ತಿದ್ದೆ ಶಾಂತಕ್ಕ," ಎಂದ ಕಲ್ಲೇಶಪ್ಪ. "ನೀವು ಕೊಟ್ಟಿದ್ದು ಆ ಶಿವನಿಗೆ. ನಾನು ಹೆಂಗೆ ಬಿಡಿಸ್ಲಿ?"

ಅವಳು ಬಂದು ಮತದ ಸಾಲಿನಲ್ಲಿ ಅಜ್ಜಮ್ಮನ ಹಿಂದೆ ನಿಂತಳು. ಗಾಳಿ ಕಿಟಕಿಯ ರೆಕ್ಕೆಗಳನ್ನು ಬಡಿಯುತ್ತಿತ್ತು. ನೀನಾದರೂ ಬೇಡ ಅಂತ ಮುದ್ರೆ ಒತ್ತು ಎಂದು ಶಾಂತಾದೇವಿ ಅವಳ ಕಿವಿಯ ಹತ್ತಿರ ಹೇಳಿದಳು.

ಅಜ್ಜಮ್ಮ ತಿರುಗಲಿಲ್ಲ. "ನಾನೂ ಮುಟ್ಟೀನಲ್ಲ ಅಕ್ಕಾ."

"ನಿಂಗೆ ತಿಳೀದೆ ಮುಟ್ಟಿದ್ದು."

"ತಿಳೀಲಿ ಬಿಡ್ಲಿ. ನೀವು ಮುಟ್ಟಿದ್ರಿ, ಅದನ್ನ ನೋಡಿ ಮುಟ್ಟಿದೆ. ನೀವು ಯೋಚ್ನೆ ಮಾಡಿರ್ತೀರಿ ಅಂದ್ಕಂಡೆ."

ಸಾಲು ಒಂದೆರಡು ಹೆಜ್ಜೆ ಸರಿಯಿತು. ಆಮೇಲೆ ಅಜ್ಜಮ್ಮ, ಯಾರಿಗೂ ಅಲ್ಲವೆನ್ನುವಂತೆ, ಮೆಲ್ಲಗೆ ಹೇಳಿದಳು: "ಶನಿವಾರ ಅನ್ನಾಕೆ ಅವ್ಳು ಹೆಗಲ ಮೇಲೆ ಚೀಲ ಹಾಕ್ಕಂಡಂಗೆ ಕೈ ಮಾಡ್ತಾಳೆ. ಶನಿವಾರ ಇಲ್ಲ ಅಂತ ಹೇಳಾಕೆ ಹೆಂಗೆ ಕೈ ಮಾಡ್ಬೇಕೋ, ಅದೇ ನನಗೆ ಗೊತ್ತಿಲ್ಲ."

ಪರದೆಯ ಹಿಂದೆ ಶಾಂತಾದೇವಿ ಒಬ್ಬಳೇ ಆದಳು. ಮೇಜು, ಮುದ್ರೆ, ಮಸಿಯ ಡಬ್ಬಿ. ಇಲ್ಲಿ ನೋಡುವವರು ಯಾರೂ ಇರಲಿಲ್ಲ, ನೋಡುವವನು ಇದ್ದ. ಶಿವನೇ, ಕೊಟ್ಟ ಮಾತು ದೊಡ್ಡದೋ ಕೂಸಿನ ದಾರಿ ದೊಡ್ಡದೋ, ನೀನೇ ಹೇಳು ಎಂದು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಸೆರಗಿನ ಮೇಲಿಂದಲೇ ಹಿಡಿದುಕೊಂಡಳು. ಹೊರಗೆ ಯಾರೋ ಕೆಮ್ಮಿದರು. ಅವಳು ಮುದ್ರೆಯನ್ನು ಮಸಿಗೆ ಅದ್ದಿ ಒಪ್ಪಿಗೆಯ ಕಡೆ ಒತ್ತಿದಳು.

ಕೈ ನಡುಗಲಿಲ್ಲ. ಅದೇ ಅವಳನ್ನು ಆಮೇಲೆ ಕಾಡಿದ್ದು. ವಿಭೂತಿಯ ಭಯ ಒತ್ತಿಸಿದ್ದರೆ ಕೈ ನಡುಗಬೇಕಿತ್ತಲ್ಲ? ಅರವತ್ತರವರೆಗೆ ಯಾರೂ ತೆಗೆಯುವಂತಿಲ್ಲ ಎನ್ನುವ ಸುಖವೇ ದೇವರ ಹೆಸರು ಹೇಳಿಕೊಂಡು ಕೈ ಹಿಡಿಯಿತೋ ಏನೋ. ಎಷ್ಟು ಕೆದಕಿದರೂ ಎರಡನ್ನೂ ಬೇರೆ ಮಾಡಲು ಅವಳಿಗೆ ಆಗಲಿಲ್ಲ, ಹಾಲಿಗೆ ಬಿದ್ದ ನೀರಿನ ಹಾಗೆ.

ಒಪ್ಪಂದ ಗೆದ್ದಿತು. ಎಣಿಕೆ ಮುಗಿಯುವ ಮುಂಚೆಯೇ ನ್ಯಾಮತಿಯವರು ಚಪ್ಪಾಳೆ ತಟ್ಟಿದರು. ಕಲ್ಲೇಶಪ್ಪ ಕಣ್ಣೊರೆಸಿಕೊಂಡ. ಪೇಡೆ ಹಂಚಿದರು. ಅಜ್ಜಮ್ಮ ತನ್ನ ಪೇಡೆಯನ್ನು ಎಲ್ಲರ ಹಾಗೆ ತಿಂದಳು; ಸಂಜೆಯ ಪಾಳಿಗೆ ಹೊತ್ತಾಯಿತೆಂದು ಮೊದಲು ಎದ್ದು ಹೋದಳು.

ರಾತ್ರಿ ಶಾಂತಾದೇವಿಗೆ ಒಂದೇ ಯೋಚನೆ. ನಿನ್ನೆಯ ಶನಿವಾರ ಅಜ್ಜಮ್ಮನ ಪಾಳಿಯನ್ನು ತಾನು ಮಾಡಿದ್ದಾಯಿತು. ನಾಳಿನ ಸೋಮವಾರ ಅವಳು ತೀರಿಸಬೇಕಾದದ್ದು. ಹಳೆಯ ಪದ್ಧತಿಗೆ ಉಳಿದಿರುವುದು ಅದೊಂದೇ ದಿನ. ಅವಳಿಂದ ಅದನ್ನು ತೆಗೆದುಕೊಳ್ಳಬಾರದು. ಆ ಮುಯ್ಯಿ ಹಾಗೇ ಉಳಿಯಲಿ. ಉಳಿದಿದ್ದರೆ ಎಂದಾದರೊಂದು ದಿನ ತೀರಿಸಬೇಕಲ್ಲ ಎಂಬ ನೆಪದಲ್ಲಾದರೂ ಅವಳು ತನ್ನ ಕಡೆ ನೋಡಿಯಾಳು.

ಬೆಳಗಿನ ಜಾವವೇ ಸ್ನಾನ, ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಹಾಸ್ಟೆಲ್ಲಿಗೆ ಬಂದಳು. ಅಡುಗೆಮನೆಯಲ್ಲಿ ಆಗಲೇ ದೀಪವಿತ್ತು. ದೊಡ್ಡ ಒಲೆ ಉರಿಯುತ್ತಿತ್ತು. ಅಜ್ಜಮ್ಮ ಸೆರಗು ಸಿಕ್ಕಿಸಿಕೊಂಡು ಮಂಡಕ್ಕಿ ನೆನೆಸಿ ಹಿಂಡಿ ಹಾಕುತ್ತಿದ್ದಳು. ಈರುಳ್ಳಿ ಹೆಚ್ಚಿ ಆಗಿತ್ತು, ಹುರಿಗಡಲೆ ಪುಡಿ ಆಗಿತ್ತು.

"ಇವತ್ತು ಬ್ಯಾಡ ಕಣೆ, ನಾನೇ ಮಾಡ್ತೀನಿ," ಎಂದಳು ಶಾಂತಾದೇವಿ. "ಆ ಮುಯ್ಯಿ ನಿನ್ನ ಹತ್ರಾನೇ ಇರ್ಲಿ."

"ಇಟ್ಕಂಡು ಏನ್ ಮಾಡ್ಲಿ ಅಕ್ಕಾ? ನಾಳಿಂದ ತೀರ್ಸಾಕೆ ಬರಲ್ಲ." ಅಜ್ಜಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ತ್ಯಾವಣಿಗೆ ಬಸ್ಸಿಗೆ ಹೋಗ್ರಿ. ಮೊದಲನೇ ಬಸ್ಸು ಸಿಕ್ತೈತೆ."

ಶಾಂತಾದೇವಿ ಸೌಟಿಗೆ ಕೈ ಚಾಚಿದಳು. ಅಜ್ಜಮ್ಮ ಅದನ್ನು ಮೆಲ್ಲಗೆ ತನ್ನ ಕಡೆ ಸರಿಸಿಕೊಂಡು, ಬಾಣಲೆಗೆ ಒಗ್ಗರಣೆ ಹಾಕಿದಳು.